ಫೋನಿನೊಳಗಿನ ಅಂಗಡಿಗೂ ಕಾಯಿದೆಯುಂಟು

ತಕ್ಕಡಿಗೆ ಸರಕಾರದ ಮುದ್ರೆ ಹಾಕಿಸದ ಕಿರಾಣಿ ಅಂಗಡಿಯವನಿಗೆ ದಂಡ ಬೀಳುತ್ತದೆ. ಫೋನಿನೊಳಗಿನ ಅಂಗಡಿಗೆ ಮಾತ್ರ ಕಾಯಿದೆಯೇ ಇಲ್ಲವೆಂದು ನಮ್ಮವರು ಅನೇಕರು ತಿಳಿದಿದ್ದಾರೆ. ಉಂಟು. 2020ರ ಇ-ಕಾಮರ್ಸ್ ನಿಯಮಗಳಂತೆ ಅಂತಹ ಸಂಸ್ಥೆಯು ತನ್ನ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಎಲ್ಲವನ್ನೂ ಎದ್ದು ಕಾಣುವಂತೆ ತೋರಿಸತಕ್ಕದ್ದು. ದೂರು ಮುಟ್ಟಿತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಕಾಗದದ ಮೇಲೆ ಚೆನ್ನಾಗಿಯೇ ಇದೆ! ಹರಿದ ಸೀರೆ ಬಂದ ಗಿರಣಿ ಕೆಲಸಗಾರ್ತಿಗೆ ಉತ್ತರ ಹೇಳುವುದು ಯಂತ್ರ. ಪಾಳಿ ಬಿಟ್ಟು ಅವಳು ಯಾರ ಬಾಗಿಲು ತಟ್ಟಬೇಕು? ಬೆಂಗಳೂರಿಗೆ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು; 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಇದು ತಮಗೇಕೆಂದು ಬೀದಿಯ ವ್ಯಾಪಾರಿಗಳು ಕೇಳಿಯಾರು. ನಿಮಗಿರುವ ಕಟ್ಟುಪಾಡು ದೊಡ್ಡ ಬಂಡವಾಳಗಾರನಿಗೆ ಇಲ್ಲವಾದರೆ ಪೈಪೋಟಿ ಎಲ್ಲಿಯದು? ಬಿಲ್ಲು ಹಿಡಿದು ಪಕ್ಷದ ಕಚೇರಿಗೆ ಬನ್ನಿ. ಅರ್ಜಿಯನ್ನು ನಾವು ಬರೆದುಕೊಡುತ್ತೇವೆ.