‘ಪಕ್ಷಿವಿಶೇಷಃ’



ಸಂಸ್ಕೃತ ಕಾವ್ಯಗಳಿಗೆ ಟೀಕೆ ಬರೆದ ಪಂಡಿತರಲ್ಲಿ ಒಂದು ರೂಢಿಯುಂಟು. ಮೂಲದಲ್ಲಿ ಅಪರಿಚಿತವಾದ ಹಕ್ಕಿಯ ಹೆಸರು ಬಂದರೆ ‘ಪಕ್ಷಿವಿಶೇಷಃ’ ಎಂದು ಬರೆದು ಮುಂದೆ ಸಾಗುವರು, ಮರವಾದರೆ ‘ವೃಕ್ಷವಿಶೇಷಃ’. ಯಾವುದೋ ಒಂದು ಹಕ್ಕಿ, ಯಾವುದೋ ಒಂದು ಮರ ಎಂದು ತಾತ್ಪರ್ಯ. 33 ವರ್ಷ ಪಾಠ ಹೇಳಿದ ನಾನೂ ಈ ಸುಲಭಮಾರ್ಗವನ್ನೇ ಹಿಡಿದವನು. ನಾಯಿಕೆಯ ಕಣ್ಣುಗಳನ್ನು ಖಂಜನಪಕ್ಷಿಗೆ ಹೋಲಿಸುವ ಶ್ಲೋಕ ಬಂದಾಗಲೆಲ್ಲ, ‘ಖಂಜನವೆಂದರೆ ಒಂದು ಜಾತಿಯ ಹಕ್ಕಿ’ ಎಂದು ಹೇಳಿ, ಅಲಂಕಾರದ ಹೆಸರನ್ನು ಬರೆಯಿಸಿಬಿಡುತ್ತಿದ್ದೆನು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಆ ಹಕ್ಕಿ ಹೇಗಿರುತ್ತದೆ, ಸಾರ್? ಕಣ್ಣಿಗೂ ಅದಕ್ಕೂ ಏನು ಹೋಲಿಕೆ?” ಎಂದು ಕೇಳಿದನು. “ಪರೀಕ್ಷೆಗೆ ಅಷ್ಟು ಸಾಕು, ಕುಳಿತುಕೋ” ಎಂದು ಗದರಿಸಿದೆನು. ತರಗತಿಯೆಲ್ಲ ನಕ್ಕಿತು. ಆ ಹುಡುಗನು ಮತ್ತೆಂದೂ ನನ್ನನ್ನು ಪ್ರಶ್ನೆ ಕೇಳಲಿಲ್ಲ.

ಕಳೆದ ಭಾದ್ರಪದ ಬಹುಳದ ಒಂದು ಭಾನುವಾರ, ಮಳೆ ಹಿಂದೆಗೆದು ಆಕಾಶವು ತಿಳಿಯಾಗುತ್ತಿದ್ದ ಕಾಲದಲ್ಲಿ, ನನ್ನ ಮೊಮ್ಮಗಳು ಬೆಂಗಳೂರಿನ ಲಾಲ್‌ಬಾಗಿಗೆ ನನ್ನನ್ನು ಕರೆದೊಯ್ದಳು. ಹೈದರಾಲಿಯು 1760ರಲ್ಲಿ ಆರಂಭಿಸಿದ ಆ ತೋಟವು ಈಗ ನಗರದ ನಡುವೆ 240 ಎಕರೆಗಳಷ್ಟಿದೆ. ಅಲ್ಲಿ ಗುಂಪಾಗಿ ಸೇರಿ ಹಕ್ಕಿಗಳನ್ನು ನೋಡುವ ಪದ್ಧತಿಯನ್ನು ಪಕ್ಷಿಪ್ರಿಯರು 1970ರ ದಶಕದಿಂದ ನಡೆಸಿಕೊಂಡು ಬಂದಿದ್ದಾರೆ. ನಾವು ಹೋದಾಗ ಇಪ್ಪತ್ತು ಮಂದಿ ಸೇರಿದ್ದರು: ವಿದ್ಯಾರ್ಥಿಗಳು, ಬ್ಯಾಂಕಿನ ನೌಕರರೊಬ್ಬರು, ಇಬ್ಬರು ಗೃಹಿಣಿಯರು, ತಂದೆಯ ಕೈಹಿಡಿದ ಒಂದು ಮಗು. ಮುಂದಾಳು ಇಪ್ಪತ್ತೈದರ ತರುಣ. ಅವನು ಹೇಳಿದ ನಿಯಮಗಳು ಮೂರೇ: ಮೆಲ್ಲನೆ ಮಾತನಾಡಿ, ಥಟ್ಟನೆ ಕೈ ಎತ್ತಿ ತೋರಿಸಬೇಡಿ, ಗೂಡಿನ ಬಳಿ ಹೋಗಬೇಡಿ.

ಮೊದಲು ಒಂದು ಹಳೆಯ ಮರದ ಪೊಟರೆಯಲ್ಲಿ ಜೋಡಿ ಹಾಲಕ್ಕಿಗಳನ್ನು ಕಂಡೆವು. ರಾತ್ರಿ ಇದರ ದನಿ ಕೇಳಿದರೆ ಶಕುನವೆಣಿಸುವ ನಾವು, ಇದು ಇಲಿಗಳನ್ನೂ ಹುಳುಗಳನ್ನೂ ತಿಂದು ಉಪಕಾರ ಮಾಡುವುದನ್ನು ಎಣಿಸುವುದಿಲ್ಲ. ಅಲ್ಲಿಂದ ಕೆರೆಯ ದಡಕ್ಕೆ ಹೋದೆವು. ನೀರಿನಂಚಿನ ಕಲ್ಲಿನ ಮೇಲೆ ಒಂದು ಪುಟ್ಟ ಹಕ್ಕಿ. ಬೆನ್ನು ಬೂದಿಬಣ್ಣ, ಹೊಟ್ಟೆ ಹಳದಿ. ನೀಳವಾದ ಬಾಲವು ಒಂದು ಕ್ಷಣವೂ ನಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು.

“ಬೂದು ಸಿಪಿಲೆ. ಈ ಋತುವಿನಲ್ಲಿ ನಮಗೆ ಕಂಡ ಮೊದಲನೆಯದು” ಎಂದು ತರುಣನು ಪಿಸುಗುಟ್ಟಿದನು. ಹಿಮಾಲಯ ಮತ್ತು ಅದರಾಚೆಯ ತೊರೆಗಳ ಬಳಿ ಮರಿಮಾಡಿ, ಶರತ್ಕಾಲದ ಮೊದಲಿಗೆ ದಕ್ಷಿಣಕ್ಕೆ ಇಳಿದು, ಬೇಸಗೆಯಲ್ಲಿ ಮರಳುವ ಹಕ್ಕಿಯಂತೆ. ತೂಕವು ಸುಮಾರು 18 ಗ್ರಾಂ. ನಮ್ಮ ಹಳೆಯ ಲೆಕ್ಕದಲ್ಲಿ ಒಂದೂವರೆ ತೊಲ!

“ಸಂಸ್ಕೃತದಲ್ಲಿ ಇದಕ್ಕೆ ಹೆಸರುಂಟೇನಪ್ಪ?” ಎಂದೆನು.

“ಈ ಜಾತಿಗೆಲ್ಲ ಖಂಜನ ಎನ್ನುತ್ತಾರಂತೆ, ಸಾರ್. ಹೆಚ್ಚಿನದನ್ನು ನಿಮ್ಮಂಥವರು ಹೇಳಬೇಕು.”

ನಾನು ಮೌನವಾದೆನು. ಅಷ್ಟರಲ್ಲಿ ಮೊಮ್ಮಗಳು ದುರ್ಬೀನನ್ನು ನನ್ನ ಕಣ್ಣಿಗೆ ಹಿಡಿದು, “ತಾತ, ಆಚೆ ಇನ್ನೊಂದು ನೋಡಿ” ಎಂದಳು. ಅದು ಅದೇ ಕುಲದ, ವರ್ಷವೆಲ್ಲ ಇಲ್ಲಿಯೇ ಇರುವ ಹಕ್ಕಿ. ಅಚ್ಚ ಕಪ್ಪು, ಅಚ್ಚ ಬಿಳುಪು. ಹುಬ್ಬು ತೀಡಿದಂತೆ ಬಿಳಿಯ ಗೆರೆ. ಓಡಿತು, ನಿಂತಿತು, ತಿರುಗಿತು, ಮತ್ತೆ ಓಡಿತು. ಬಿಳುಪಿನಲ್ಲಿ ಕಪ್ಪು ಚಲಿಸುವ ಆ ಚಾಂಚಲ್ಯವನ್ನು ಕಂಡೊಡನೆ ಶ್ಲೋಕದ ಅರ್ಥವಾಯಿತು. ಕವಿಯು ಕಣ್ಣಿಗೆ ಕಂಡುದನ್ನೇ ಬರೆದಿದ್ದನು. ಕಾಣದೆ ಪಾಠ ಹೇಳಿದವನು ನಾನು.

ಮನೆಗೆ ಬಂದು ಪುಸ್ತಕಗಳನ್ನು ತೆರೆದೆನು. ಅಮರಕೋಶದಲ್ಲಿ ಖಂಜನ, ಖಂಜರೀಟ ಎಂಬ ಎರಡು ಹೆಸರುಗಳಿವೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಈ ಹಕ್ಕಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ವರ್ಷದಲ್ಲಿ ಮೊದಲಬಾರಿಗೆ ಇದನ್ನು ಎಲ್ಲಿ ಕಂಡರೆ ಏನು ಫಲವೆಂಬುದು ಅಲ್ಲಿಯ ವಿಚಾರ. ಫಲವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಆದರೆ ಹಕ್ಕಿಯ ಬರವನ್ನು ನಮ್ಮ ಹಿರಿಯರು ಕಾದು ನೋಡುತ್ತಿದ್ದರೆಂಬುದಂತೂ ಸ್ಪಷ್ಟ. ಆ ತರುಣನು ತನ್ನ ಪುಸ್ತಕದಲ್ಲಿ ದಿನಾಂಕ, ಸ್ಥಳಗಳನ್ನು ಗುರುತಿಸಿಕೊಂಡದ್ದು ನನಗೆ ಆಗ ನೆನಪಾಯಿತು.

ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಆಶ್ವಯುಜ, ಕಾರ್ತಿಕಗಳಲ್ಲಿ ಒಂದು ಬೆಳಗ್ಗೆ ಮಕ್ಕಳೊಡನೆ ಹತ್ತಿರದ ತೋಟಕ್ಕೋ ಕೆರೆಗೋ ಹೋಗಿರಿ. ಬಲ್ಲವರ ಗುಂಪು ದೊರೆತರೆ ಲೇಸು. ಒಬ್ಬರಿಗೆ ಕಾಣದುದು ಇನ್ನೊಬ್ಬರಿಗೆ ಕಾಣುತ್ತದೆ. ಮಾಸಲು ಬಣ್ಣದ ಬಟ್ಟೆಯುಡಿರಿ, ತಿಂಡಿ ಎರಚಬೇಡಿರಿ, ಒಂದು ನೋಟುಪುಸ್ತಕ ಜೊತೆಗಿರಲಿ. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ. ಮಗುವು ‘ಅದು ಯಾವ ಹಕ್ಕಿ?’ ಎಂದು ಕೇಳಿ ನಿಮಗೆ ತಿಳಿಯದಿದ್ದರೆ, ‘ತಿಳಿಯದು, ನೋಡೋಣ ಬಾ’ ಎನ್ನಿರಿ.

ಆ ಹುಡುಗನು ಈಗ ನಡುವಯಸ್ಸಿನವನಾಗಿರಬೇಕು; ಎಲ್ಲಿರುವನೋ ಅರಿಯೆ. ಈ ಪತ್ರಿಕೆ ಅವನ ಮನೆಗೂ ಬರುತ್ತಿದ್ದರೆ, ಅವನ ಪ್ರಶ್ನೆಗೆ ಉತ್ತರವು ಮೇಲೆ ಇದೆ. ಕೊಡಲು ತಡವಾಯಿತು, ಕ್ಷಮಿಸಲಿ.