ಡ್ರಾಯಿಂಗ್ ಬರಲ್ಲ ಅನ್ನೋ ನೆಪ ಸಾಕು

ಮಿನಿ ಪ್ರಾಜೆಕ್ಟ್‌ಗೆ ಗೇಮ್ ಮಾಡುವಾಗ ನಾವೆಲ್ಲ ಓಡೋದು ಓಪನ್‌ಗೇಮ್‌ಆರ್ಟ್ ಕಡೆಗೇ. ಮರ, ಕೋಟೆ, ಓಡುವ ಹುಡುಗ, ಹಿನ್ನೆಲೆ ಸಂಗೀತ, ಎಲ್ಲವೂ ಪುಕ್ಕಟೆ. 2009ರಿಂದ ಇರುವ ಆ ಭಂಡಾರದಿಂದ ನಾವು ತಗೊಂಡಿದ್ದೇ ಬಂತು, ಕೊಟ್ಟಿದ್ದು ಏನೂ ಇಲ್ಲ. ಕೇಳಿದರೆ "ನಮಗೆ ಡ್ರಾಯಿಂಗ್ ಬರಲ್ವಲ್ಲ" ಅಂತೀವಿ.

ಆದರೆ ಅಲ್ಲಿ ಚಿತ್ರದಷ್ಟೇ ಮುಖ್ಯವಾದದ್ದು ಅದರ ಲೈಸೆನ್ಸ್. ಯಾವುದೋ ಕಮರ್ಷಿಯಲ್ ಗೇಮಿನಿಂದ ಕದ್ದ ಸ್ಪ್ರೈಟ್ ಒಳಗೆ ಸೇರಿಕೊಂಡರೆ, ನಂಬಿ ಬಳಸಿದವರೆಲ್ಲ ಸಿಕ್ಕಿಹಾಕ್ಕೊಳ್ತಾರೆ. ಅಂಥ ಕಳ್ಳಮಾಲನ್ನು ಗುರುತು ಹಿಡಿಯೋಕೆ ಕುಂಚ ಬೇಕಿಲ್ಲ, ರಾತ್ರಿಯೆಲ್ಲ ಗೇಮ್ ಆಡಿದ ಕಣ್ಣು ಸಾಕು. ಅದು ನಮ್ಮ ಹತ್ರ ಧಾರಾಳವಾಗಿದೆ! ಕಂಡರೆ ತಿಳಿಸೋಣ.

ಟೈಲ್‌ಗಳ ನಡುವೆ ಗೆರೆ ಕಾಣುತ್ತಾ, ನಡಿಗೆಯ ಅನಿಮೇಷನ್ ಎಲ್ಲಿ ಎಡವುತ್ತೆ ಅಂತ ಎಂಜಿನ್‌ನಲ್ಲಿ ಹಾಕಿ ನೋಡಿ ಕಲಾವಿದರಿಗೆ ಹೇಳೋಣ. ಸಿಸಿ ಬೈ-ಎಸ್ಎ ಚಿತ್ರವನ್ನು ತಿದ್ದಿ ಬಳಸಿದರೆ, ತಿದ್ದಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಅಲ್ಲಿಗೇ ವಾಪಸ್ ಹಾಕೋಣ.

ಇದೂ ಕಷ್ಟ ಅನ್ನಿಸಿದರೆ, ಕನಿಷ್ಠ ಕ್ರೆಡಿಟ್ಸ್ ಪುಟವನ್ನಾದರೂ ಸರಿಯಾಗಿ ಬರೆಯೋಣ: ಕಲಾವಿದರ ಹೆಸರು, ಲೈಸೆನ್ಸ್, ಎಲ್ಲಿಂದ ತಗೊಂಡಿದ್ದು, ಏನು ಬದಲಿಸಿದ್ದು. ಸಿಸಿ ಬೈ ಕೇಳೋದು ಇಷ್ಟೇ. ಈ ಸೆಮಿಸ್ಟರ್‌ನಿಂದ, ಆ ಪುಟ ಇಲ್ಲದ ಗೇಮ್ ನಮ್ಮ ಡೆಮೊಗೆ ಬರೋದು ಬೇಡ.