ಕೈಯ ಶುಚಿ, ಮನೆಯ ಕ್ಷೇಮ

1847ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯ ಒಂದು ಹೆರಿಗೆ ವಿಭಾಗದಲ್ಲಿ ಬಾಣಂತಿಯರು ಸೂತಿಕಾಜ್ವರದಿಂದ ಅಸುನೀಗುತ್ತಿದ್ದರು. ಶವಪರೀಕ್ಷೆ ಮುಗಿಸಿದ ವೈದ್ಯರೂ ವಿದ್ಯಾರ್ಥಿಗಳೂ ಅದೇ ಕೈಗಳಿಂದ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕಂಡುಕೊಂಡರು. ಮೇ ತಿಂಗಳಲ್ಲಿ ಕ್ಲೋರಿನ್‌ಯುಕ್ತ ಸುಣ್ಣದ ದ್ರಾವಣದಿಂದ ಕೈ ತೊಳೆಯುವ ನಿಯಮವನ್ನು ತಂದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು. ಆದರೂ ಹಲವು ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಗಳೇ ಮೃತ್ಯುವನ್ನು ಹೊತ್ತು ತರುತ್ತವೆಯೆಂಬ ಮಾತು ಯಾರಿಗೆ ತಾನೇ ಹಿತ?

ಈ ಅಭಿಮಾನ ನಮ್ಮ ಮನೆಗಳಲ್ಲಿಯೂ ಉಂಟು. ಕೂಸನ್ನು ನೋಡಬಂದ ಹಿರಿಯರಿಗೆ ಕೈ ತೊಳೆಯಿರೆನ್ನಲು ಸೊಸೆಯಂದಿರು ಅಂಜುತ್ತಾರೆ. ಪ್ರೀತಿಯಿಂದ ಚಾಚಿದ ಕೈಯೂ ರೋಗಾಣುವನ್ನು ಹೊತ್ತಿರಬಹುದು. ಆಸ್ಪತ್ರೆಯಿಂದ ಮರಳಿದವರು ಕೂಡಲೇ, ಗಾಯದ ಬಟ್ಟೆ ಬದಲಿಸುವವರು ಮೊದಲೂ ಆಮೇಲೂ, ಸಾಬೂನಿನಿಂದ 40ರಿಂದ 60 ಸೆಕೆಂಡು ಕೈ ತೊಳೆಯಬೇಕು. ಉಗುರಿನ ಸಂದು, ಹೆಬ್ಬೆರಳುಗಳನ್ನು ಮರೆಯಬಾರದು. ರೋಗಿಯ ಟವೆಲು ಬೇರೆಯಿರಲಿ. ಕೆಮ್ಮು, ನೆಗಡಿ ಇದ್ದವರು ತೊಟ್ಟಿಲಿನಿಂದ ದೂರವಿರಲಿ. ಆಸ್ಪತ್ರೆಯಲ್ಲಿ ದಾದಿಯರನ್ನೋ ವೈದ್ಯರನ್ನೋ ‘ಕೈ ತೊಳೆದಿರಾ?’ ಎಂದು ಮೆಲ್ಲನೆ ಕೇಳುವುದು ಅವಿನಯವಲ್ಲ.

ಹಿರಿಯರಲ್ಲಿ ನಾವು ಕೇಳಿಕೊಳ್ಳುವುದು ಇಷ್ಟೆ: ಕೂಸನ್ನು ಎತ್ತಿಕೊಳ್ಳುವ ಮೊದಲು ತಾವಾಗಿಯೇ ಬಚ್ಚಲಿಗೆ ಹೋಗಿ ಕೈ ತೊಳೆದು ಬನ್ನಿರಿ. ಹೇಳಬೇಕಾದ ಸಂಕಟವಾದರೂ ಸೊಸೆಗೆ ತಪ್ಪಲಿ.